ಫೋನಿಗೆ ‘ಅನ್‌ನೋನ್ ಆರ್ಟಿಸ್ಟ್’, ನಮಗೆ ದೊಡ್ಡವ್ವ

ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹಡಗಲಿ... ನಮ್ಮ ಕಡೆ ಯಾವ ಊರಿನ ಬಸ್ ಸ್ಟ್ಯಾಂಡಿಗೆ ಹೋದರೂ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡುತ್ತಿದ್ದ ಕಾಲವೊಂದಿತ್ತು. ಕಾರ್ಡ್ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ರಾಜ್‌ಕುಮಾರ್ ಹಾಡು, ಭಕ್ತಿಗೀತೆ, ಹೊಸ ಸಿನಿಮಾ ಹಾಡು ಎಲ್ಲ ಕಲಸಿಕೊಂಡು ಕಾರ್ಡ್ ತುಂಬಿರುತ್ತಿತ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಕಾರ್ಡ್ ತುಂಬಿಸುವವರು ಕಡಿಮೆಯಾದರು. ಆದರೆ ಆ ಕಾರ್ಡುಗಳು ಎಲ್ಲೂ ಹೋಗಿಲ್ಲ. ಟಿವಿ ಕೆಳಗಿನ ಡ್ರಾದಲ್ಲೋ, ಹಳೇ ಕೀಪ್ಯಾಡ್ ಫೋನಿನ ಹೊಟ್ಟೆಯಲ್ಲೋ ಕುಳಿತಿವೆ.

ನಮ್ಮದು ಕೊಟ್ಟೂರು ತಾಲೂಕಿನ ಹಳ್ಳಿ. ಕಳೆದ ಬೇಸಿಗೆಯಲ್ಲಿ ಮನೆಯಲ್ಲಿದ್ದ ಮೂರು ಕಾರ್ಡು, ಒಂದು ಪೆನ್‌ಡ್ರೈವ್, ಅಣ್ಣನ ಫೋನು, ಎಲ್ಲದರ ಹಾಡುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿದೆ. ಅವ್ವನ ಬೇಡಿಕೆ ಇದ್ದದ್ದು ಒಂದೇ: “ನನಗ ಬೇಕಾದ ಹಾಡು ಬೇಕಾದಾಗ ಬರಂಗ ಮಾಡಪ್ಪ, ಸಾಕು.”

ಎರಡು ಸಾವಿರಕ್ಕೂ ಹೆಚ್ಚು ಫೈಲುಗಳಿದ್ದವು. ಒಂದೇ ಹಾಡು ಐದೈದು ಸಲ. ಮೊದಲು ಮಾಡಿದ ಕೆಲಸ ಎಂದರೆ ಎರಡು ರಾಶಿ. ಎಲ್ಲಿ ಬೇಕಾದರೂ ಸಿಗುವ ಹಾಡು ಒಂದು ಕಡೆ, ನಮ್ಮ ಮನೆ ಬಿಟ್ಟು ಬೇರೆಲ್ಲೂ ಸಿಗದ ಹಾಡು ಇನ್ನೊಂದು ಕಡೆ. ಸಿನಿಮಾ ಹಾಡು ಇವತ್ತು ಅಳಿಸಿದರೂ ನಾಳೆ ಯೂಟ್ಯೂಬಿನಲ್ಲಿ ಸಿಗುತ್ತದೆ. ಎರಡನೇ ರಾಶಿಯಲ್ಲಿ ಉಳಿದದ್ದು ಬರೀ ಅರವತ್ತು ಚಿಲ್ಲರೆ. ಮದುವೆಗಳಲ್ಲಿ ಹೆಣ್ಣುಮಕ್ಕಳು ಹಾಡಿದ ಸೋಬಾನೆ, ನಮ್ಮೂರ ಗುಡಿಯ ಭಜನೆ, ಬಯಲಾಟದ ತಾಲೀಮು, ಮೊಹರಂ ಪದ, ಮೈಲಾರ ಜಾತ್ರೆಯ ಗೊರವರ ಡಮರುಗ. ಎಲ್ಲಾ ಯಾರೋ ಫೋನಿನಲ್ಲಿ ಹಿಡಿದದ್ದು.

ಇವುಗಳಲ್ಲಿ ಯಾವುದನ್ನು ಒತ್ತಿದರೂ ಫೋನು ತೋರಿಸುವುದು ಒಂದೇ: ‘ಅನ್‌ನೋನ್ ಆರ್ಟಿಸ್ಟ್’. ಅಂದರೆ ಹಾಡಿದವರು ಯಾರೋ ಗೊತ್ತಿಲ್ಲ.

ಗೊತ್ತಿಲ್ಲದೆ ಏನು? ಅವ್ವನ ಮುಂದೆ ಒಂದೊಂದೇ ಹಚ್ಚುತ್ತಾ ಹೋದೆ. ಮೂರನೆಯದಕ್ಕೇ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ಇದು ನಿಮ್ಮ ದೊಡ್ಡವ್ವ. ಮುಂದ ಹೇಳಾಕಿ ಆಕಿ, ಹಿಂದ ಹೇಳೋರು ನಾವು. ಅರಿಶಿಣ ಹಚ್ಚೋ ಹೊತ್ತಿನ ಪದ.” ದೊಡ್ಡವ್ವ ಇದ್ದದ್ದು ಹರಪನಹಳ್ಳಿ ಕಡೆ. ಆಕೆ ಹೋಗಿ ಮೂರು ವರ್ಷ. ಮನೆಯಲ್ಲಿ ಆಕೆಯ ಫೋಟೋ ಎರಡಿವೆ, ದನಿ ಇರುವುದು ಇದೊಂದೇ. ನಾಲ್ಕು ನಿಮಿಷ.

ಅವ್ವ ದನಿ ಗುರುತು ಹಿಡಿಯುವ ರೀತಿಯೇ ಬೇರೆ. ಒಂದು ರೆಕಾರ್ಡಿಂಗಿನಲ್ಲಿ ಕೆಮ್ಮು ಕೇಳಿ ಕೂಡ್ಲಿಗಿಯ ಅತ್ತೆ ಎಂದಳು. ಇನ್ನೊಂದರಲ್ಲಿ ಹಿಂದೆ ಯಾರೋ ಗಂಡಸು “ಸಾರು ತರ್ರೋ” ಎಂದು ಕೂಗಿದ್ದಕ್ಕೆ ಅದು ಯಾರ ಮದುವೆ ಎಂದೇ ಹೇಳಿದಳು. ಈ ಲೆಕ್ಕ ಯಾವ ಆ್ಯಪಿಗೂ ಬರುವುದಿಲ್ಲ. ಅವ್ವನಿಗೆ ಗೊತ್ತಾಗದ ಹನ್ನೊಂದನ್ನು ಅತ್ತೆಗೆ ಕಳಿಸಿದೆವು, ಏಳಕ್ಕೆ ಹೆಸರು ಸಿಕ್ಕವು. ಉಳಿದ ನಾಲ್ಕು ಹಾಡಿದವರನ್ನು ಬಲ್ಲವರು ಈಗ ಯಾರೂ ಇಲ್ಲ. ಹಾಡು ಇದೆ, ಹೆಸರು ಹೋಯಿತು.

ದೂರದ ಮಾತೇನಲ್ಲ, ದರೋಜಿ ಈರಮ್ಮನವರ ಹೆಸರು ಕೇಳಿರುತ್ತೀರಿ. ಬುರ್ರಕಥೆಯ ಈರಮ್ಮ. ಓದು ಬರಹ ಕಲಿತವರಲ್ಲ. ರಾತ್ರಿಗಟ್ಟಲೆ ಹಾಡುವ ಕಥೆಗಳೆಲ್ಲ ಅವರ ನೆನಪಿನಲ್ಲೇ ಇದ್ದವು. 2014ರಲ್ಲಿ ಅವರು ತೀರಿಕೊಳ್ಳುವ ಮೊದಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳತ್ತ ಗಮನ ಕೊಟ್ಟಿತ್ತು. ನಮ್ಮ ದೊಡ್ಡವ್ವನ ಹುಡುಕಿಕೊಂಡು ಯಾವ ವಿಶ್ವವಿದ್ಯಾಲಯವೂ ಬರುವುದಿಲ್ಲ. ಆ ಕೆಲಸ ನಮ್ಮದೇ.

ಹೆಸರಿಡುವುದಕ್ಕೆ ನಾವು ಮಾಡಿಕೊಂಡ ಪದ್ಧತಿ ಹೀಗಿದೆ: ನಂಬರು, ಯಾವ ಪದ, ಯಾರು, ಯಾವ ಊರು, ಯಾವ ವರ್ಷ. ‘07 ಅರಿಶಿಣದ ಪದ, ದೊಡ್ಡವ್ವ, ಹರಪನಹಳ್ಳಿ, 2018’. ಎಲ್ಲಾ ಕನ್ನಡದಲ್ಲೇ.

ವರ್ಷ ಗೊತ್ತಿಲ್ಲವೇ? ವಾಟ್ಸ್ಆ್ಯಪಿನಲ್ಲಿ ಬಂದ ಆಡಿಯೋ ಫೈಲಿನ ಹೆಸರಿನಲ್ಲಿ ಸಾಮಾನ್ಯವಾಗಿ ಎಂಟು ಅಂಕಿ ಇರುತ್ತವೆ. 20190312 ಎಂದಿದ್ದರೆ ಅದು ಫೋನಿಗೆ ಬಂದದ್ದು 2019ರ ಮಾರ್ಚ್ 12ಕ್ಕೆ. ಹಾಡಿದ್ದು ಅದೇ ದಿನ ಇಲ್ಲವೇ ಅದಕ್ಕಿಂತ ಹಿಂದೆ. ಆದ್ದರಿಂದ ಹಳೇ ಹೆಸರು ಅಳಿಸುವ ಮೊದಲು ಆ ಅಂಕಿ ಬರೆದಿಟ್ಟುಕೊಳ್ಳಿ. ಮೈಲಾರದ್ದಕ್ಕೆ ಇನ್ನೊಂದು ದಾರಿ ಸಿಕ್ಕಿತು. ಅಣ್ಣನ ಫೋನಿನಲ್ಲಿ ಕಾರ್ಣಿಕದ ರೆಕಾರ್ಡಿಂಗ್ ಇತ್ತು. ಗೊರವಯ್ಯ ಬಿಲ್ಲೇರಿ ನುಡಿಯುವ ಆ ಒಂದು ಮಾತು ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಹಳೇ ಸುದ್ದಿ ಹುಡುಕಿ ಮಾತು ತಾಳೆ ಹಾಕಿದರೆ ವರ್ಷ ಸಿಕ್ಕಿಬಿಡುತ್ತದೆ.

ಫೋಲ್ಡರ್ ಮಾಡುವಾಗ ಆಲ್ಬಮ್ಮು, ಆರ್ಟಿಸ್ಟು ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲಿ ಹಾಡು ಕೇಳುವ ಹೊತ್ತೇ ಫೋಲ್ಡರ್: ಬೆಳಗ್ಗೆ, ಕೆಲಸದ ಹೊತ್ತು, ಮದುವೆ, ಜಾತ್ರೆ, ರಾತ್ರಿ ಭಜನೆ. ಅವ್ವನ ಸ್ಪೀಕರಿನಲ್ಲಿ ಹೆಸರು ಕಾಣುವುದಿಲ್ಲ, ನಂಬರು ಮಾತ್ರ. ಅದಕ್ಕೇ ನಂಬರಿನ ಪಟ್ಟಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದೆ. ಇಂಥ ಎಷ್ಟೋ ಸ್ಪೀಕರುಗಳು ಹೆಸರಿನ ಕ್ರಮ ನೋಡುವುದಿಲ್ಲ, ಕಾರ್ಡಿಗೆ ಯಾವುದನ್ನು ಮೊದಲು ಹಾಕಿದಿರೋ ಅದನ್ನೇ ಮೊದಲು ಹಾಡುತ್ತವೆ. ಹಾಗಾಗಿ ಖಾಲಿ ಕಾರ್ಡಿಗೆ ಒಂದರಿಂದ ಸಾಲಾಗಿ ಕಾಪಿ ಮಾಡಿ. ಫೋನಿನ ರೆಕಾರ್ಡಿಂಗ್ ಸ್ಪೀಕರಿನಲ್ಲಿ ಹಾಡದಿದ್ದರೆ ಎಂಪಿ3 ಮಾಡಬೇಕು, ಆದರೆ ಮೂಲ ಫೈಲು ಅಳಿಸಬೇಡಿ. ಜಾಗದ ಚಿಂತೆ ಬೇಡ. ಸಾಧಾರಣ ಗುಣಮಟ್ಟದ ಎಂಪಿ3 ಒಂದು ನಿಮಿಷಕ್ಕೆ ಸುಮಾರು 1 ಎಂಬಿ. 32 ಜಿಬಿ ಕಾರ್ಡಿನಲ್ಲಿ 500 ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಎರಡು ಕಡೆ ಇಡುವುದನ್ನು ಮಾತ್ರ ಮರೆಯಬೇಡಿ. ನಮ್ಮ ಮೂರು ಕಾರ್ಡುಗಳಲ್ಲಿ ಒಂದು ಅರ್ಧ ಇಳಿಯುವಷ್ಟರಲ್ಲಿ ಸತ್ತೇ ಹೋಯಿತು. ಅದರಲ್ಲಿ ಏನಿತ್ತೋ. ಈಗ ಒಂದು ಪ್ರತಿ ನಮ್ಮಲ್ಲಿ, ಒಂದು ಪ್ರತಿ ಕೂಡ್ಲಿಗಿ ಅತ್ತೆ ಮನೆಯಲ್ಲಿ.

ಇನ್ನೊಂದು ಮಾತು. ಬೀಗರನ್ನು ಕಾಡಿಸುವ ಪದಗಳು ಬಹಳ ಚೆನ್ನಾಗಿವೆ, ಸ್ಟೇಟಸ್‌ಗೆ ಹಾಕೋಣ ಎನಿಸಿತು. ಅತ್ತೆ ಬೇಡ ಎಂದಳು. “ಅದು ಪಡಸಾಲ್ಯಾಗ ಹಾಡಿದ್ದು, ಊರಿಗೆಲ್ಲಾ ಅಲ್ಲ.” ಹಾಡಿದವರನ್ನು ಕೇಳಿಯೇ ಹಂಚಬೇಕು. ಆ ಫೋಲ್ಡರ್ ಮನೆಯಲ್ಲೇ ಇದೆ.

ನಿಮ್ಮ ಮನೆಯ ಡ್ರಾದಲ್ಲೂ ಒಂದು ಕಾರ್ಡ್ ಇರಬಹುದು. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಹಿರಿಯರೊಬ್ಬರು ಬಿಡುವಾಗಿ ಕೂತಾಗ ಹತ್ತು ಹಾಡು ಹಚ್ಚಿ, “ಇದು ಯಾರ ದನಿ?” ಎಂದು ಕೇಳಿ. ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಹಾಡು ಕಾರ್ಡಿನಲ್ಲಿ ಇನ್ನಷ್ಟು ದಿನ ಇದ್ದೀತು. ಹೆಸರು ಇರುವುದು ಅವರ ನೆನಪಿನಲ್ಲಿ ಮಾತ್ರ.