ಕೂವೆಮರ ಮತ್ತು ಹೆದ್ದಾರಿಯ ಹೊಂಡ

ಕಡಲಿನ ಗಾಳಿಗೆ ಜಗ್ಗದ ಕೂವೆಮರ ಟಾರು ರಸ್ತೆಯಲ್ಲಿ ಪೆಟ್ಟು ತಿನ್ನುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಕಣ್ಣಾರೆ ಕಂಡ ಮೇಲೆಯೇ ನಾನೂ ನಂಬಿದ್ದು. ಕೂವೆಮರ ಅಂದರೆ ದೋಣಿಯಲ್ಲಿ ಹಾಯಿ ಕಟ್ಟುವ ಕಂಬ. ನಮ್ಮ ಕಾಸರಗೋಡಿನಲ್ಲಿ ಮಲಯಾಳ ಮಾತಾಡುವವರು ಪಾಯ್ಮರ ಎನ್ನುತ್ತಾರೆ. ಹಾಯಿದೋಣಿ ನಡೆಸುವ ಹುಡುಗರ ಬಾಯಲ್ಲಿ ಅದು ಬರೀ ಮಾಸ್ಟ್.

2023ರ ಡಿಸೆಂಬರ್. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣ ನಡೆಯುತ್ತಿದ್ದ ಕಾಲ. ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುವ ಹಳೆಯ ಶಿಷ್ಯನೊಬ್ಬ ಮಂಗಳೂರಿನಿಂದ ಪಯ್ಯನ್ನೂರಿನ ಕಡೆಗೆ ಜೀಪಿನ ಹಿಂದೆ ಟ್ರೈಲರಿನಲ್ಲಿ ದೋಣಿ ಎಳೆದುಕೊಂಡು ಹೊರಟಿದ್ದ. ಉಪ್ಪಳದ ಹತ್ತಿರ ಏನೋ ಬಡಿಯುವ ಸದ್ದು ಕೇಳಿ ಇಳಿದು ನೋಡಿದವನು ನೇರ ಶಾಲೆಯ ಗೇಟಿಗೇ ಬಂದ. "ಮಾಸ್ಟ್ರೇ, ಮಾಸ್ಟ್ ಹೋಯಿತು!" ಎಂದ. ಒಂಬತ್ತನೆಯ ತರಗತಿಯ ಮಕ್ಕಳು ಗೊಳ್ಳೆಂದು ನಕ್ಕರು. ಅವನಿಗೆ ನಗು ಬರಲಿಲ್ಲ. ಮೂರೇ ದಿನಕ್ಕೆ ಶಿಬಿರ, ಹದಿನಾರು ಮಕ್ಕಳು, ಇರುವುದು ಎರಡೇ ದೋಣಿ. ಹೊಸ ಮಾಸ್ಟ್ ತರಿಸಲು ವಾರಗಳು ಬೇಕು, ಹಣವೂ ಬೇಕು.

ಅದು ಎಂಟರ್‌ಪ್ರೈಸ್ ಎಂಬ ಮಾದರಿಯ ದೋಣಿ. ಇಂಗ್ಲೆಂಡಿನ ಜಾಕ್ ಹೋಲ್ಟ್ ಎಂಬವರು ರೂಪಿಸಿದ್ದು, 1956ರಲ್ಲಿ ಬಳಕೆಗೆ ಬಂದದ್ದು. ನಮ್ಮ ದೇಶದ ಎನ್.ಸಿ.ಸಿ. ನೌಕಾ ವಿಭಾಗದ ಮಕ್ಕಳೂ ಇದೇ ಮಾದರಿಯಲ್ಲಿ ಹಾಯಿ ಬಿಡುತ್ತಾರೆ. ದೋಣಿಯ ಉದ್ದ ಸುಮಾರು 4 ಮೀಟರ್. ಮಾಸ್ಟ್ ಅದಕ್ಕಿಂತಲೂ ಉದ್ದ. ಹಾಗಾಗಿ ಟ್ರೈಲರಿನ ಹೊರಕ್ಕೆ ಚಾಚಿಕೊಂಡೇ ಇರುತ್ತದೆ. ಅದನ್ನು ಎರಡು ಕಡೆ ಮಾತ್ರ ಕಟ್ಟಿದ್ದರು. ಹೊಂಡ ಸಿಕ್ಕಿದಾಗಲೆಲ್ಲ ನಡುಭಾಗ ಕುಣಿದು ಟ್ರೈಲರಿನ ಕಬ್ಬಿಣದ ಕಂಬಕ್ಕೆ ಬಡಿದು, ಅಲ್ಯುಮಿನಿಯಂ ಕೊಳವೆ ಚಪ್ಪಟೆಯಾಗಿ ಕುಳಿ ಬಿದ್ದಿತ್ತು.

"ಇಷ್ಟು ಸಣ್ಣ ಕುಳಿಗೆ ಇಷ್ಟು ಗಾಬರಿಯಾ ಸಾರ್?" ಎಂದು ಒಬ್ಬಳು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ನಿಂತ ಮಾಸ್ಟನ್ನು ಎರಡು ಬದಿ ಮತ್ತು ಮುಂದಿನಿಂದ ಉಕ್ಕಿನ ತಂತಿಗಳು ಬಿಗಿದು ಹಿಡಿದಿರುತ್ತವೆ. ಗಾಳಿ ಹೆಚ್ಚಿದಷ್ಟೂ ಆ ತಂತಿಗಳು ಮಾಸ್ಟನ್ನು ಕೆಳಕ್ಕೆ ಒತ್ತುತ್ತವೆ. ಕೊಳವೆಯ ಬಲವೆಲ್ಲ ಅದರ ದುಂಡು ಆಕಾರದಲ್ಲಿದೆ. ಖಾಲಿ ಡಬ್ಬಿಯೊಂದನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿ, ತಡೆದುಕೊಳ್ಳುತ್ತದೆ. ಬದಿಯಲ್ಲಿ ಬೆರಳಿನಿಂದ ಸ್ವಲ್ಪ ಕುಳಿ ಮಾಡಿ ಒತ್ತಿ, ಅಲ್ಲೇ ಮಡಚಿ ಕುಸಿಯುತ್ತದೆ. ಮಾಸ್ಟಿನ ಕತೆಯೂ ಅದೇ. ನಡುನೀರಿನಲ್ಲಿ ಕುಸಿದರೆ ಕೆಳಗೆ ಕುಳಿತಿರುವವರು ಮಕ್ಕಳು.

ಹತ್ತಿರದಲ್ಲಿ ಅಲ್ಯುಮಿನಿಯಂ ಕಿಟಕಿ, ಬಾಗಿಲು ಮಾಡುವ ಅಂಗಡಿಯಿತ್ತು. ಅಂಗಡಿಯವರು "ವೆಲ್ಡಿಂಗ್ ಮಾಡಿಬಿಡುವಾ" ಎಂದರು. ಶಿಷ್ಯ "ಬೇಡ ಅಣ್ಣಾ" ಎಂದ. ಮಾಸ್ಟಿನ ಅಲ್ಯುಮಿನಿಯಂ ಶಾಖೋಪಚಾರದಿಂದ ಗಟ್ಟಿಯಾದದ್ದು, ಬೆಸುಗೆಯ ಬಿಸಿಗೆ ಆ ಜಾಗ ಮೆತ್ತಗಾಗುತ್ತದೆ. ಬದಲಿಗೆ ಕುಳಿಯ ಮಧ್ಯದಲ್ಲೇ ನೇರವಾಗಿ ಗರಗಸ ಹಾಕಿದರು. ಮರದ ಗೂಟ ತೂರಿಸಿ ಎರಡೂ ತುದಿಗಳನ್ನು ಮೆಲ್ಲಗೆ ಬಡಿದು ದುಂಡಗೆ ಮಾಡಿದರು. ಅದೇ ಅಳತೆಯ ಹಳೆಯ ಮುರಿದ ಮಾಸ್ಟಿನ ತುಂಡೊಂದನ್ನು ಮರುದಿನ ತರಿಸಿ, ಉದ್ದಕ್ಕೆ ಸೀಳಿ, ಒಂದು ಪಟ್ಟಿ ತೆಗೆದು, ಅಮುಕಿ ಕಿರಿದು ಮಾಡಿ ಒಳಗೆ ತೂರಿಸಿದರು. ಹಾಯಿಯ ಅಂಚು ಜಾರುವ ಗಾಡಿ ಎರಡೂ ಕಡೆ ಸರಿಯಾಗಿ ಕೂಡುವಂತೆ ನೋಡಿಕೊಂಡು, ಅಲ್ಯುಮಿನಿಯಂ ರಿವೆಟುಗಳನ್ನು ಒಂದೇ ಸಾಲಿನಲ್ಲಲ್ಲ, ಹೆಚ್ಚುಕಡಿಮೆ ಎತ್ತರದಲ್ಲಿ ಹೊಡೆದರು. ಒಂದೇ ಸಾಲಿನಲ್ಲಿ ತೂತುಗಳಿದ್ದರೆ ಅಲ್ಲೇ ಬಿರುಕು ಬಿಡುತ್ತದಂತೆ. ಉಕ್ಕಿನ ರಿವೆಟ್ ಯಾಕಲ್ಲ? ಉಪ್ಪುನೀರು ತಾಗಿದರೆ ಬೇರೆ ಬೇರೆ ಎರಡು ಲೋಹಗಳ ನಡುವೆ ವಿದ್ಯುತ್ಕೋಶದ ಕ್ರಿಯೆ ಶುರುವಾಗಿ ಅಲ್ಯುಮಿನಿಯಂ ಸವೆಯುತ್ತದೆ. ನಮ್ಮ ರಸಾಯನಶಾಸ್ತ್ರದ ಪಾಠ ಅಂಗಡಿಯ ಬೆಂಚಿನ ಮೇಲೆ ನಡೆಯಿತು!

ಹೊರಡುವ ಮೊದಲು ಅವನು ಹೇಳಿದ್ದನ್ನು ಮಕ್ಕಳು ಕನ್ನಡದಲ್ಲೇ ಬರೆದುಕೊಟ್ಟರು. ಮುಂದೆ, ನಡುವೆ, ಹಿಂದೆ ಹೀಗೆ ಮೂರು ಕಡೆ ಆಧಾರ ಕೊಡಬೇಕು. ಆಧಾರದ ಮೇಲೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಬೇಕು. ತಂತಿಗಳನ್ನು ಮಾಸ್ಟಿಗೆ ಒತ್ತಿ ಎರಡೆರಡು ಅಡಿಗೊಮ್ಮೆ ಕಟ್ಟಬೇಕು, ಬಡಿಯಬಾರದು, ಉಜ್ಜಬಾರದು. ಹೊರಚಾಚಿದ ತುದಿಗೆ ಕೆಂಪು ಬಟ್ಟೆ, ರಾತ್ರಿಯಾದರೆ ಕೆಂಪು ದೀಪ. ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು, ಯಾಕೆಂದರೆ ಕುಲುಕಾಟಕ್ಕೆ ಎಲ್ಲವೂ ಸಡಿಲವಾಗುತ್ತದೆ. ತಲುಪಿದ ಮೇಲೆ ಮಾಸ್ಟ್ ಎತ್ತುವ ಮೊದಲು ತಲೆಯ ಮೇಲೆ ಕರೆಂಟಿನ ತಂತಿ ಇದೆಯೇ ಎಂದು ನೋಡಲೇಬೇಕು. ಕಡಲಿನಿಂದ ಬಂದ ದಿನ ಸಿಹಿನೀರಿನಲ್ಲಿ ತೊಳೆಯಬೇಕು.

ಆ ಹಾಳೆಯನ್ನು ಅವನು ಜೀಪಿನ ಬಾಗಿಲ ಒಳಗೆ ಅಂಟಿಸಿಕೊಂಡ. ಶಿಬಿರ ನಡೆಯಿತು, ಮಾಸ್ಟ್ ತಡೆಯಿತು. ಕನ್ನಡದಲ್ಲಿ ಓದಿದರೆ ಏನು ಉಪಯೋಗ ಎಂದು ಕೇಳುವ ಹೆತ್ತವರಿಗೆ ನಾನು ಈಗ ದೊಡ್ಡ ಭಾಷಣ ಮಾಡುವುದಿಲ್ಲ. ಹದಿನಾರು ಮಕ್ಕಳನ್ನು ನೀರಿಗಿಳಿಸುವ ಒಬ್ಬ ಮನುಷ್ಯ ನಂಬಿಕೊಂಡಿರುವ ಆ ಹಾಳೆ ಕನ್ನಡದಲ್ಲಿದೆ ಎಂದಷ್ಟೇ ಹೇಳುತ್ತೇನೆ.