ಕರಿಕೆಯ ಗಡಿಯೂ ತಿಬೇಟದ ಮಣ್ಣೂ

ಭಾಗಮಂಡಲದಿಂದ ಪಶ್ಚಿಮಕ್ಕೆ ಹೊರಟ ದಾರಿಯು ದಟ್ಟವಾದ ಕಾಡಿನ ನಡುವೆ ತಿರುವು ತಿರುವಾಗಿ ಇಳಿದು ಕರಿಕೆಯನ್ನು ಸೇರುತ್ತದೆ. ಈ ದಾರಿಯಲ್ಲಿ ಕೊಡಗಿನ ಕೊನೆಯ ಗ್ರಾಮವಿದು. ಮುಂದಿನದು ಕಾಸರಗೋಡು ಜಿಲ್ಲೆಯ ಪಾಣತ್ತೂರು. ಬೆಟ್ಟದ ಆಚೆಯ ಮಗ್ಗುಲಲ್ಲಿ ಬಿದ್ದ ಮಳೆಯು ಕಾವೇರಿಯೊಡನೆ ಬಂಗಾಳಕೊಲ್ಲಿಗೆ ಹೋದರೆ, ಈಚೆಯ ಹಳ್ಳಗಳು ಅರಬ್ಬೀ ಸಮುದ್ರದ ಕಡೆಗೆ ಓಡುತ್ತವೆ. ನೀರಿಗೆ ಬೆಟ್ಟವೇ ಗಡಿ. ಮನುಷ್ಯರಿಗಾದರೋ ಗಡಿಯು ಕಾಗದದ ಮೇಲಿನ ಗೆರೆ. 1956ನೆಯ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯವನ್ನು ಸೇರಿತು. ಕಾಸರಗೋಡು ಕೇರಳಕ್ಕೆ ಸಂದಿತು. ಆಳ್ವಿಕೆಯ ಹೆಸರು ಬದಲಾಯಿತೇ ಹೊರತು ಜನರು ಇದ್ದ ಮನೆಗಳಲ್ಲಿಯೇ ಉಳಿದರು. ಇಂದಿಗೂ ಇಲ್ಲಿ ಕನ್ನಡದೊಡನೆ ಮಲೆಯಾಳವೂ ಅರೆಭಾಷೆಯೂ ಕಿವಿಗೆ ಬೀಳುತ್ತವೆ.

ಮನೆಯನ್ನೇ ಬಿಟ್ಟುಬಂದವರ ಪಾಡೇನು? ಅದನ್ನರಿಯಲು ನಾವು ಬಹುದೂರ ಹೋಗಬೇಕಾಗಿಲ್ಲ. ಕಾವೇರಿಯ ಜೊತೆಯಲ್ಲಿ ಪೂರ್ವಕ್ಕೆ ನಡೆದು, ಕುಶಾಲನಗರದಲ್ಲಿ ಹೊಳೆಯನ್ನು ದಾಟಿದರೆ ಬೈಲುಕುಪ್ಪೆ. ತಿಬೇಟವನ್ನು ತೊರೆದುಬಂದವರಿಗಾಗಿ 1961ರಲ್ಲಿ ಇಲ್ಲಿ ನೆಲೆಯಾಯಿತು. ಕಾಡನ್ನು ಕಡಿದು ಮುಸುಕಿನ ಜೋಳವನ್ನು ಬಿತ್ತಿದ ಆ ಹಿರಿಯರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡವನ್ನು ಬಲ್ಲರು, ತಿಬೇಟವನ್ನು ಕಂಡವರಲ್ಲ.

ಹಾಗೆ ತಾಯ್ನಾಡಿನ ಹೊರಗೆ ಹುಟ್ಟಿದ ಕಲಾವಿದರೊಬ್ಬರು ತೆಂಜಿಂಗ್ ರಿಗ್ಡೋಲ್. 1982ರಲ್ಲಿ ಕಠ್ಮಂಡುವಿನಲ್ಲಿ ಜನಿಸಿದ ಇವರು ಚಿತ್ರ, ಕೊಲಾಜ್, ವಿಡಿಯೋ, ಕವಿತೆ ಎಲ್ಲದರಲ್ಲಿಯೂ ಕೈಯಾಡಿಸಿದವರು. ಇವರ ತಂದೆಯವರು ತಾಯ್ನೆಲವನ್ನು ಮತ್ತೊಮ್ಮೆ ಕಾಣಬೇಕೆಂಬ ಆಸೆಯು ಈಡೇರದೆಯೇ ತೀರಿಕೊಂಡರು. ತಂದೆಯು ನೆಲದ ಬಳಿಗೆ ಹೋಗಲಾಗದಿದ್ದರೆ ನೆಲವೇ ಮಕ್ಕಳ ಬಳಿಗೆ ಬರಲಿ ಎಂಬಂತೆ, ಮಗನು 2011ರಲ್ಲಿ ಸುಮಾರು 20,000 ಕಿಲೋಗ್ರಾಂ ತಿಬೇಟದ ಮಣ್ಣನ್ನು ನೇಪಾಳದ ಮಾರ್ಗವಾಗಿ ಧರ್ಮಶಾಲೆಗೆ ತರಿಸಿ ವೇದಿಕೆಯ ಮೇಲೆ ಹರಡಿದರು. ಜನರು ಅದರ ಮೇಲೆ ನಡೆದರು. ಬಳಿಕ ಆ ಮಣ್ಣನ್ನು ಮನೆಗಳಿಗೆ ಒಯ್ದರು. ಈ ಸಾಹಸವನ್ನು ತೆಂಜಿನ್ ತ್ಸೇತನ್ ಚೋಕ್ಲೆ ಎಂಬವರು 2013ರ ಸಾಕ್ಷ್ಯಚಿತ್ರದಲ್ಲಿ ಹಿಡಿದಿಟ್ಟಿದ್ದಾರೆ.

ಮಣ್ಣು ಹಂಚಿದರೆ ಮುಗಿಯುತ್ತದೆ. ಕ್ಯಾಮರಾ ಹಿಡಿದ ಚಿತ್ರವು ಎಷ್ಟು ಹಂಚಿದರೂ ಮುಗಿಯದು. ಆದರೆ ಚಿತ್ರಕ್ಕೆ ಮಣ್ಣಿನ ವಾಸನೆಯಿಲ್ಲ. ಆದುದರಿಂದ ದೂರವಿದ್ದವರಿಗೆ ಎರಡೂ ಬೇಕಾಯಿತು.

ನೆಲದ ಮೇಲೆಯೇ ಇರುವ ನಮಗೆ ಇದರಿಂದೇನು ಎಂದು ಗೃಹಸ್ಥರು ಕೇಳಬಹುದು. ನೆಲವನ್ನು ಕಳೆದುಕೊಳ್ಳಲು ಗಡಿಯನ್ನು ದಾಟಬೇಕು. ಮಾತನ್ನು ಕಳೆದುಕೊಳ್ಳಲು ಹೊಸ್ತಿಲನ್ನೂ ದಾಟಬೇಕಾಗಿಲ್ಲ. ಅಜ್ಜಿಯ ಅರೆಭಾಷೆಯು ಮೊಮ್ಮಗನಿಗೆ ತಿಳಿಯದೆ ಹೋದ ದಿನ, ಕರಿಕೆಯ ಮನೆಯೂ ಒಂದು ಪರದೇಶವೇ. ಇಂದು ಮನೆಮನೆಯಲ್ಲಿಯೂ ಇರುವ ಮೊಬೈಲು ಆ ಧ್ವನಿಯನ್ನು ಕಾಯ್ದಿಡಬಲ್ಲುದು. ಆದರೆ ಉತ್ತರ ಕೊಡುವ ನಾಲಿಗೆಯನ್ನು ಮನೆಯವರೇ ಬೆಳೆಸಬೇಕು.