ಫೋಟೋದ ಬೆನ್ನ ಮೇಲಿನ ಬರಹ

ಚಾಮರಾಜಪೇಟೆಯ ನಮ್ಮ ಹಳೆಯ ಮನೆಯಲ್ಲಿ ದಾದಿಯ ಕಬ್ಬಿಣದ ಟ್ರಂಕೊಂದಿತ್ತು. ಅದರಲ್ಲಿ ಮದುವೆಯ ಸೀರೆ, ಪಾನ್‌ದಾನ್, ದಾದಾ ಅವರ ಕನ್ನಡಕ. ಎಲ್ಲದರ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಆಲ್ಬಂ. ಈದ್ ದಿನ ಮಧ್ಯಾಹ್ನದ ಊಟ ಮುಗಿದ ಮೇಲೆ ಅದು ಹೊರಗೆ ಬರುತ್ತಿತ್ತು. ದಾದಿ ಒಂದೊಂದೇ ಫೋಟೋ ಬಿಡಿಸಿ, ತಿರುಗಿಸಿ, ಹಿಂದೆ ದಾದಾ ಉರ್ದುವಿನಲ್ಲಿ ಬರೆದಿಟ್ಟದ್ದನ್ನು ಓದುತ್ತಿದ್ದರು. ಯಾರು, ಎಲ್ಲಿ, ಯಾವ ವರ್ಷ ಎಂಬ ವಿವರ ಅದರಲ್ಲಿರುತ್ತಿತ್ತು. ನಾವು ಮೊಮ್ಮಕ್ಕಳೆಲ್ಲ ಕನ್ನಡ ಶಾಲೆಯಲ್ಲಿ ಕಲಿತವರು. ಉರ್ದು ಮಾತಾಡುತ್ತೇವೆ, ಓದಲು ಬಾರದು. ಓದುವುದು ದಾದಿಯ ಕೆಲಸ, ಕೇಳುವುದು ನಮ್ಮ ಕೆಲಸ ಎಂದು ನೆಮ್ಮದಿಯಿಂದಿದ್ದೆವು.

2007ರಲ್ಲಿ ಆಲ್ಬಮನ್ನು ಸ್ಟುಡಿಯೋವೊಂದಕ್ಕೆ ಕೊಟ್ಟು ಸ್ಕ್ಯಾನ್ ಮಾಡಿಸಿದೆವು. ನೂರಕ್ಕೂ ಹೆಚ್ಚು ಚಿತ್ರಗಳು ಎರಡು ಸಿ.ಡಿ.ಗಳಲ್ಲಿ ಕುಳಿತವು. ಇನ್ನು ಗೆದ್ದಲಿಗೂ ಮಳೆಗೂ ಹೆದರಬೇಕಿಲ್ಲ ಎಂದುಕೊಂಡು ಸಿ.ಡಿ.ಗಳನ್ನು ಬೀರುವಿನಲ್ಲಿಟ್ಟು ಮರೆತೆವು.

2017ರ ಮಳೆಗಾಲದಲ್ಲಿ ಛಾವಣಿ ಸೋರಿ ಟ್ರಂಕಿಗೆ ನೀರು ಹೋಯಿತು. ತೆರೆದು ನೋಡಿದಾಗ ಫೋಟೋಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ಶಾಯಿ ಕರಗಿ ನೀಲಿ ಕಲೆಯಾಗಿತ್ತು. ಗಾಬರಿಯಿಂದ ಸಿ.ಡಿ. ಹುಡುಕಿದೆವು. ಒಂದು ತೆರೆಯಲೇ ಇಲ್ಲ. ಇನ್ನೊಂದು ತೆರೆಯಿತು, ಮುಖಗಳೆಲ್ಲ ಸ್ಪಷ್ಟವಾಗಿಯೇ ಇದ್ದವು. ಆದರೆ ದಾದಾ ಬರೆದ ಒಂದು ಸಾಲೂ ಅದರಲ್ಲಿರಲಿಲ್ಲ. ಸ್ಕ್ಯಾನ್ ಮಾಡಿದ್ದು ಫೋಟೋಗಳ ಮುಂಭಾಗವನ್ನು ಮಾತ್ರ. ಸ್ಟುಡಿಯೋದವರನ್ನು ದೂರಿ ಪ್ರಯೋಜನವಿಲ್ಲ. ಹಿಂಭಾಗವನ್ನೂ ಮಾಡಿ ಎಂದು ನಾವು ಹೇಳಿಯೇ ಇರಲಿಲ್ಲ.

ನಮ್ಮ ಮನೆಯಲ್ಲಿ ಚಿತ್ರ ಉಳಿದು ಓದು ಹೋಯಿತು. ನಮ್ಮ ಊರಿನಲ್ಲಿ ಇದರ ತಿರುವುಮುರುವೂ ನಡೆದಿದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ, 1905ರಲ್ಲಿ ಪ್ರಕಟಿಸಿದರು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಬ್ರಷ್ಷಿನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಶಾಸನ ಬಲ್ಲವರ ಹಳೆಯ ಪದ್ಧತಿ. ಊರು ಬೆಳೆಯುತ್ತ ಹೋದಂತೆ ಆ ಕಲ್ಲುಗಳಲ್ಲಿ ಎಷ್ಟೋ ಕಾಣೆಯಾದವು. ಕಲ್ಲು ಹೋದರೂ ಅದರ ಓದು ಪುಸ್ತಕದಲ್ಲಿ ಉಳಿಯಿತು.

ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದಲ್ಲಿ 1669ರ ಶಾಸನವೊಂದಿದೆ. ಶಿವಾಜಿಯ ಮಲಸಹೋದರ ಏಕೋಜಿ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಆತನ ತಂದೆ ಶಹಾಜಿಗೆ ಬೆಂಗಳೂರನ್ನು ಜಹಗೀರಾಗಿ ಕೊಟ್ಟಿದ್ದು ಬಿಜಾಪುರದ ಆದಿಲ್ ಶಾಹಿಗಳು. ಸುಲ್ತಾನರ ಜಹಗೀರು, ಮರಾಠಾ ಮನೆತನ, ಕನ್ನಡ ನಾಡಿನ ಗುಡಿ ಮೂರೂ ಒಂದೇ ಕಲ್ಲಿನ ಹಿಂದಿವೆ. ಓದಲು ಬಾರದವರಿಗೆ ಅದು ಗೀಚಿದ ಬಂಡೆ ಅಷ್ಟೇ.

1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರಿನ ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸ ಹಿಡಿಯಿತು. ಸಾಮಾನ್ಯ ಫೋಟೋದಲ್ಲಿ ಕಾಣುವುದು ಕಲ್ಲಿನ ಮೇಲ್ಮೈ. ಈ ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕು ಹಾಯಿಸಿ ಪ್ರತಿ ಅಕ್ಷರದ ಆಳವನ್ನೂ ಅಳೆದುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕಲ್ಲನ್ನು ತಿರುಗಿಸಬಹುದು, ಓರೆಯಾಗಿ ಬೆಳಕು ಬಿಡಬಹುದು. ಸವೆದ ಅಕ್ಷರಗಳು ಆಗ ಕಣ್ಣಿಗೆ ಬೀಳುತ್ತವೆ. ಕಲ್ಲು ಇರುವ ಜಾಗವನ್ನು, ಅದರ ಪಾಠವನ್ನು ಚಿತ್ರದ ಜೊತೆಗೇ ಸೇರಿಸಿಡುತ್ತಾರೆ. ಇದನ್ನು ತಿಳಿದಾಗ ನಾವು ಮಾಡಿದ್ದ ತಪ್ಪು ಎಂಥದ್ದೆಂದು ಇನ್ನಷ್ಟು ಮನದಟ್ಟಾಯಿತು.

ನಮ್ಮ ಟ್ರಂಕಿನ ಕತೆಗೆ ಬರೋಣ. 2018ರಲ್ಲಿ ದಾದಿಗೆ ಎಂಬತ್ತು ದಾಟಿತ್ತು, ನೆನಪು ಮಾಸತೊಡಗಿತ್ತು. ಅಂಟಿದ ಫೋಟೋಗಳಲ್ಲಿ ಬಿಡಿಸಲು ಬಂದಷ್ಟನ್ನು ಬಿಡಿಸಿ, ಅಂಗುಲಕ್ಕೆ 600 ಚುಕ್ಕೆಗಳ ಲೆಕ್ಕದಲ್ಲಿ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿದೆವು. ಜೆಪೆಗ್ ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದರೆ ಪ್ರತಿ ಸಲವೂ ಸ್ವಲ್ಪ ವಿವರ ಹೋಗುತ್ತದೆ. ಹಾಗಾಗಿ ಮೂಲ ಪ್ರತಿಯನ್ನು ಟಿಫ್ ರೂಪದಲ್ಲಿಟ್ಟೆವು. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ ಕೊಟ್ಟೆವು. ದಿನವೂ ಅಸರ್ ನಮಾಜಿನ ನಂತರ ದಾದಿಯ ಎದುರು ಲ್ಯಾಪ್‌ಟಾಪ್ ಇಟ್ಟು, ಮೊಬೈಲಿನಲ್ಲಿ ಅವರ ಮಾತು ಹಿಡಿದು, ಅದಕ್ಕೂ ಅದೇ ಸಂಖ್ಯೆ ಬರೆದೆವು. ಮುಖ ಗುರುತು ಸಿಗದಿದ್ದರೂ ಬಳೆ, ಬಾಗಿಲು, ಅಂಗಿಯ ಬಟ್ಟೆ ನೋಡಿ ಅವರಿಗೆ ಹೆಸರು ನೆನಪಾಗುತ್ತಿತ್ತು. ಕೆಲವು ದಿನ ಏನೂ ನೆನಪಾಗುತ್ತಿರಲಿಲ್ಲ. ಆ ದಿನ ಚಹಾ ಕುಡಿದು ಎದ್ದುಬಿಡುತ್ತಿದ್ದೆವು.

63ನೇ ಚಿತ್ರದಲ್ಲಿ ಟೋಪಿ ಹಾಕಿದ ಹುಡುಗನೊಬ್ಬ ಜಗುಲಿಯ ಮೇಲೆ ನಿಂತಿದ್ದಾನೆ. ದಾದಿ ಬಹಳ ಹೊತ್ತು ನೋಡಿದರು. ಕೊನೆಗೆ, "ಇವನು ನಮ್ಮವನೇ" ಎಂದರು. ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ. 2019ರಲ್ಲಿ ಅವರು ತೀರಿಕೊಂಡರು. ನಮ್ಮ ಪಟ್ಟಿಯಲ್ಲಿ 63ರ ಎದುರು ಇಂದಿಗೂ ಹೀಗಿದೆ: ನಮ್ಮವನೇ, ಹೆಸರು ಗೊತ್ತಿಲ್ಲ.

ಈಗ ಪ್ರತಿಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿವೆ. ಒಂದು ನಮ್ಮಲ್ಲಿ, ಇನ್ನೊಂದು ಬಸವನಗುಡಿಯ ಗೆಳೆಯರ ಮನೆಯಲ್ಲಿ. ಪ್ರತಿ ಈದ್‌ಗೆ ಎರಡನ್ನೂ ತೆರೆದು ನೋಡುತ್ತೇವೆ. ಮುಚ್ಚಿಟ್ಟದ್ದು ಉಳಿಯುತ್ತದೆಂಬ ನಂಬಿಕೆ ನಮಗೆ ಹೋಗಿದೆ.

ಓದುಗರೇ, ನಿಮ್ಮ ಮನೆಯಲ್ಲೂ ಇಂಥದೊಂದು ಆಲ್ಬಂ ಇರಬಹುದು, ಅದರಲ್ಲಿರುವವರ ಹೆಸರು ಬಲ್ಲ ಹಿರಿಯರೊಬ್ಬರೂ ಇರಬಹುದು. ಸ್ಕ್ಯಾನರ್ ನಾಳೆಯೂ ಸಿಗುತ್ತದೆ. ಇವತ್ತು ಅವರ ಪಕ್ಕ ಕುಳಿತು, ಫೋಟೋವನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡಿ.